ದುರ್ಗದ ಸೈನಿಕರ ನೆನಪಿಗೆ ದೊಡ್ಡ ಚಿತ್ರ: ಹಲಗೆ ಕೊಯ್ಯುವುದರಿಂದ ಹೆಸರು ಬರೆಯುವವರೆಗೆ

ಚಿತ್ರದುರ್ಗ, ದಾವಣಗೆರೆ ಸೀಮೆಯ ಸೈನಿಕರ ಸ್ಮರಣೆಗೆಂದು ಶಾಲೆಯಲ್ಲೋ, ಸಮುದಾಯ ಭವನದಲ್ಲೋ, ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲೋ ದೊಡ್ಡ ಚಿತ್ರ ಬರೆಯಲು ಹೊರಟವರಿಗೆ ಈ ಕೈಪಿಡಿ. ಅನಾವರಣದ ದಿನ ಚಿತ್ರದ ಮುಂದೆ ಮೊದಲು ಬಂದು ನಿಲ್ಲುವವರು ಮಾಜಿ ಸೈನಿಕರು, ಮತ್ತು ಗಡಿಯಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಯವರು. ಅವರ ಕಣ್ಣು ಹೋಗುವುದು ಪದಕದ ರಿಬ್ಬನ್ನಿನ ಬಣ್ಣಕ್ಕೆ, ಕೈಯಲ್ಲಿರುವ ಬಂದೂಕಿಗೆ, ಹೆಸರಿನ ಕಾಗುಣಿತಕ್ಕೆ. ಅಲ್ಲಿ ತಪ್ಪಿದರೆ ಕುಂಚದ ಕೈಚಳಕ ಎಷ್ಟಿದ್ದರೂ ಚಿತ್ರ ಅವರಿಗೆ ಸೇರಿದ್ದು ಅನ್ನಿಸುವುದಿಲ್ಲ. ಆದ್ದರಿಂದ ಬಣ್ಣದ ಡಬ್ಬ ತೆರೆಯುವ ಮೊದಲು ದಾಖಲೆಯ ಕೆಲಸ ಮುಗಿಯಬೇಕು.

ಇಲ್ಲಿನ ಅಳತೆಗಳೆಲ್ಲ 12 ಅಡಿ ಅಗಲ, 6 ಅಡಿ ಎತ್ತರದ, ಮೂರು ಹಲಗೆಗಳ ಅಕ್ರಿಲಿಕ್ ಚಿತ್ರಕ್ಕೆ. ಗೋಡೆಗೆ ನೇರವಾಗಿ ಬರೆಯುವುದಕ್ಕಿಂತ ಹಲಗೆಯೇ ಮೇಲು. ಕಟ್ಟಡ ದುರಸ್ತಿಗೆ ಬಂದರೆ, ಗೋಡೆ ಸೋರಿದರೆ ಕಳಚಿ ಬೇರೆಡೆ ಇಡಬಹುದು. ಗೋಡೆಯ ಮೇಲಿನ ಚಿತ್ರವನ್ನು ಮುಂದಿನ ಸುಣ್ಣ ಬಣ್ಣದ ಗುತ್ತಿಗೆದಾರ ಒಂದೇ ದಿನದಲ್ಲಿ ಅಳಿಸಿಬಿಡಬಹುದು.

ಯಾರನ್ನು, ಎಲ್ಲಿ ನಿಲ್ಲಿಸುವುದು

ಶತಮಾನಗಳ ಸೈನಿಕರನ್ನು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿದರೆ ಅದು ವೇಷಭೂಷಣದ ಮೆರವಣಿಗೆ ಆಗುತ್ತದೆ. ಎಲ್ಲರನ್ನೂ ಕಟ್ಟಿಹಾಕುವ ಒಂದು ನೆಲ ಬೇಕು, ಅದು ದುರ್ಗದಲ್ಲಿ ಸಿದ್ಧವಾಗಿಯೇ ಇದೆ. ಏಳು ಸುತ್ತಿನ ಕೋಟೆಯ ಬಂಡೆ ಮತ್ತು ಗೋಡೆಯ ಗೆರೆಯನ್ನು ಮೂರೂ ಹಲಗೆಗಳ ಮೇಲೆ ತುಂಡಾಗದಂತೆ ಓಡಿಸಿ. ಎಡಗಡೆ ಬಂಡೆ ಹತ್ತಿರದಲ್ಲಿ, ಒರಟಾಗಿ, ನಿಖರವಾಗಿ ಇರಲಿ. ಬಲಕ್ಕೆ ಹೋದಂತೆ ದೂರದ ಬೆಟ್ಟವಾಗಿ ತೆಳುವಾಗಲಿ. ಹೊರನಾಡಿನಲ್ಲಿ ನಡೆದ ಯುದ್ಧಗಳನ್ನು ಆ ಗೆರೆಯ ಮುಂದೆ ತಂದು ನಿಲ್ಲಿಸಿದರೆ, ಊರಿನ ಬಂಡೆ ಅವರ ಬೆನ್ನ ಹಿಂದೆ ಇರುತ್ತದೆ.

ಮೊದಲ ಹಲಗೆ 1779ರವರೆಗಿನದು, ಅಂದರೆ ದುರ್ಗ ಹೈದರಾಲಿಯ ಕೈಸೇರುವವರೆಗಿನದು. ಎಡತುದಿಯಲ್ಲಿ ಒಂದು ವೀರಗಲ್ಲು. ನಮ್ಮ ನೆಲದಲ್ಲಿ ಸೈನಿಕನಿಗೆ ಕೆತ್ತಿದ ಮೊದಲ ಸ್ಮಾರಕವೇ ಅದು. ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಅಂಕಣಗಳ ಕ್ರಮ ತಲೆಕೆಳಗಾಗಿ ಬರೆದ ಚಿತ್ರಗಳು ಬೇಕಾದಷ್ಟಿವೆ. ನಿಮ್ಮ ತಾಲ್ಲೂಕಿನಲ್ಲೇ ಇರುವ ಒಂದು ಕಲ್ಲನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ, ಅದನ್ನೇ ಬರೆಯಿರಿ. ನಡು ಮಧ್ಯಾಹ್ನ ಕೆತ್ತನೆಯ ಉಬ್ಬು ಕಣ್ಣಿಗೆ ಕಾಣುವುದೇ ಇಲ್ಲ.

ಆಮೇಲೆ ನಾಯಕರ ಕಾಲ. ದಾವಣಗೆರೆ ಕಡೆಯವರಿಗೆ ಮಾಯಕೊಂಡದ ಯುದ್ಧ ಮುಖ್ಯ; ಹಿರಿ ಮದಕರಿ ನಾಯಕ 1748ರಲ್ಲಿ ಬಿದ್ದದ್ದು ಅಲ್ಲೇ. ದುರ್ಗದವರಿಗೆ ಹೈದರಾಲಿಯ ಮುತ್ತಿಗೆ ಮತ್ತು ಓಬವ್ವ. ಮದಕರಿ ನಾಯಕನ, ಓಬವ್ವನ ಮುಖಗಳೆಂದು ಈಗ ಕೈಗೆ ಸಿಗುವ ಚಿತ್ರಗಳೆಲ್ಲ ನಂತರದ ಕಲಾವಿದರ ಕಲ್ಪನೆ. ಸಿನಿಮಾದಲ್ಲಿ ಕಂಡ ಮುಖವನ್ನು ನಕಲು ಮಾಡಬೇಡಿ. ಓಬವ್ವನನ್ನು ಪಕ್ಕದಿಂದ, ಕಿಂಡಿಯ ನೆರಳಿನಲ್ಲಿ ಬರೆದರೆ ಮುಖಕ್ಕಿಂತ ಮೈಯ ಬಿಗುವು ಮಾತಾಡುತ್ತದೆ. ಒನಕೆ ಆಳುದ್ದಕ್ಕೆ ಸ್ವಲ್ಪ ಕಡಿಮೆ, ತುದಿಯಲ್ಲಿ ಕಬ್ಬಿಣದ ಬಳೆ, ನಡುವೆ ಹಿಡಿದು ಹಿಡಿದು ನುಣುಪಾದ ಜಾಗ. ಕಿಂಡಿ ಒಬ್ಬನೇ ತೂರಿ ಬರುವಷ್ಟು ಕಿರಿದು. ಅದನ್ನು ಬಾಗಿಲಿನಂತೆ ಅಗಲ ಮಾಡಿದರೆ ಅವಳು ಒಬ್ಬಳೇ ತಡೆದದ್ದು ಹೇಗೆಂದು ನೋಡುವವರಿಗೆ ತಿಳಿಯದು. ನಾಯಕರ ಕಾಲಾಳುಗಳಿಗೆ ಬತ್ತಿ ಕೋವಿ, ಭರ್ಜಿ, ಕತ್ತಿ, ಗುರಾಣಿ, ಕಠಾರಿ. ಬತೇರಿಯ ಮೇಲೆ ಫಿರಂಗಿ. ಎದುರಾಳಿಯನ್ನು ರಾಕ್ಷಸನಂತೆ ಬರೆಯಬೇಡಿ. ಅವರೂ ಸೈನಿಕರೇ, ಹೈದರನ ಸೈನ್ಯದಲ್ಲಿಯೂ ಕನ್ನಡ ನಾಡಿನ ಆಳುಗಳಿದ್ದರು.

ಎರಡನೇ ಹಲಗೆಯ ಎಡ ಅರ್ಧ ಮೈಸೂರು ಸಂಸ್ಥಾನದ ಕಾಲಕ್ಕೆ ಸಾಕು. 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ದಳಗಳಲ್ಲಿ ಜೋಧಪುರದ ಜತೆ ಮೈಸೂರು ಲ್ಯಾನ್ಸರ್ಸ್ ಇತ್ತು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿತ್ತು. ಹಾಗಾಗಿ ಮೈಸೂರಿನವರನ್ನು ಬಯಲಿನಲ್ಲಿ ಓಡಿಸುವ ಬದಲು ಕಡಿದಾದ ಕಲ್ಲುದಾರಿಯಲ್ಲಿ ಹತ್ತಿಸಿ. ಕುದುರೆಯ ಕತ್ತು ಮುಂದಕ್ಕೆ ಚಾಚಿರಲಿ, ಸವಾರನ ತೂಕ ಮುಂದೆ ಬಂದಿರಲಿ. ಖಾಕಿ ಉಡುಪು, ಪೇಟ, ಉದ್ದನೆಯ ಈಟಿ. ನಿಮ್ಮ ಊರಿನವರೊಬ್ಬರು ಆ ದಳದಲ್ಲಿದ್ದರೆಂದು ದಾಖಲೆ ಸಿಕ್ಕರೆ ಮಾತ್ರ ಹೆಸರು ಹಾಕಿ. ಇಲ್ಲವಾದರೆ ದಳದ ಹೆಸರಷ್ಟೇ ಇರಲಿ.

ಉಳಿದ ಒಂದೂವರೆ ಹಲಗೆ 1947ರಿಂದ ಈಚಿನವರದು. ಚಿತ್ರ ನೋಡಲು ಬರುವವರ ತಂದೆ, ತಾತ ಇರುವುದು ಇಲ್ಲಿ. ಒಂದು ಹಲಗೆಗೆ ಎರಡಕ್ಕಿಂತ ಹೆಚ್ಚು ದೃಶ್ಯ ಬೇಡ. ಮುಂದಿನ ಸಾಲಿನ ಆಕೃತಿ 32ರಿಂದ 36 ಇಂಚು ಎತ್ತರ ಇದ್ದರೆ ಮುಖ ಸುಮಾರು 4½ ಇಂಚು ಬರುತ್ತದೆ. ಹೋಲಿಕೆ ಬರಬೇಕಾದ ಮುಖ ಅದಕ್ಕಿಂತ ಚಿಕ್ಕದಾದರೆ ಹದಿನೈದು ಅಡಿ ದೂರದಿಂದ ಗುರುತು ಸಿಗುವುದಿಲ್ಲ. ಎರಡು ಹಲಗೆ ಸೇರುವ ಜಾಗದಲ್ಲಿ ಮುಖವಾಗಲೀ ಕೈಯಾಗಲೀ ಬರಕೂಡದು. ಅಲ್ಲಿ ಕೋಟೆಗೋಡೆಯ ಕಲ್ಲಿನ ಸಂದು ಬರುವಂತೆ ಹೊಂದಿಸಿ.

ಉಡುಪು, ಬಂದೂಕು, ಪದಕ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿ. ಹಳೆಯ ಕಪ್ಪು ಬಿಳುಪು ಫೋಟೋದಲ್ಲಿ ಖಾಕಿ ಮತ್ತು ಆಲಿವ್ ಹಸಿರು ಎರಡೂ ಒಂದೇ ಬೂದು. ಫೋಟೋ ತೆಗೆದ ವರ್ಷ ಕೇಳದೆ ಬಣ್ಣ ತೀರ್ಮಾನಿಸಬೇಡಿ. 1962ರ ಸೈನಿಕನ ಕೈಯಲ್ಲಿ .303 ಲೀ ಎನ್‌ಫೀಲ್ಡ್ ಇರಬೇಕು. ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಬಂದದ್ದು ಆ ಯುದ್ಧದ ನಂತರ. 1965ರಲ್ಲಿ ಎರಡೂ ಇದ್ದವು, 1971ಕ್ಕೆ ಎಸ್‌ಎಲ್‌ಆರ್ ಸರಿ. ಇನ್ಸಾಸ್ ರೈಫಲ್ 1999ರ ಕಾರ್ಗಿಲ್ ದೃಶ್ಯಕ್ಕೆ ಮಾತ್ರ. ಈಗಿನ ಡಿಜಿಟಲ್ ಚುಕ್ಕೆಯ ಸಮವಸ್ತ್ರ ಹೊರಬಂದದ್ದು 2022ರ ಜನವರಿಯಲ್ಲಿ; ಅದನ್ನು ಕಾರ್ಗಿಲ್ ಯೋಧನಿಗೆ ತೊಡಿಸಬೇಡಿ. ಇಂಟರ್‌ನೆಟ್ಟಿನಲ್ಲಿ ಮೊದಲು ಸಿಕ್ಕ ಫೋಟೋ ನೋಡಿ ಬರೆದಾಗ ಆಗುವ ತಪ್ಪು ಬಹುಪಾಲು ಇದೇ.

ಶೌರ್ಯ ಪದಕಗಳ ರಿಬ್ಬನ್ ಹೀಗೆ. ಪರಮವೀರ ಚಕ್ರಕ್ಕೆ ಪೂರ್ತಿ ನೇರಳೆ. ಮಹಾವೀರ ಚಕ್ರಕ್ಕೆ ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರಕ್ಕೆ ಅರ್ಧ ಕಡುನೀಲಿ, ಅರ್ಧ ಕಿತ್ತಳೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಮೂರಕ್ಕೂ ಹಸಿರು. ನಡುವೆ ಕ್ರಮವಾಗಿ ಒಂದು, ಎರಡು, ಮೂರು ಕಿತ್ತಳೆ ಗೆರೆ. ಯುದ್ಧದ ಪದಕಗಳಲ್ಲಿ 1971ರ ಪೂರ್ವಿ ಸ್ಟಾರ್ ಬಾಂಗ್ಲಾ ಕಡೆ ಹೋರಾಡಿದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದ ಗಡಿಯವರಿಗೆ. ಪಶ್ಚಿಮ ಗಡಿಯ ಶಕರ್‌ಗಢದಲ್ಲಿದ್ದವರ ಎದೆಗೆ ಪೂರ್ವಿ ಸ್ಟಾರ್ ಬರೆದರೆ ಆ ತುಕಡಿಯವರಿಗೆ ನೋವಾಗುತ್ತದೆ. ಸೈನಿಕನು ಪದಕ ಧರಿಸುವುದು ಎಡ ಎದೆಗೆ. ತೀರಿಹೋದ ಸೈನಿಕನ ಮನೆಯವರು ಧರಿಸುವುದು ಬಲಕ್ಕೆ. ಹುತಾತ್ಮನ ತಾಯಿ ಅಥವಾ ಪತ್ನಿಯನ್ನು ಚಿತ್ರದಲ್ಲಿ ತರುವುದಾದರೆ ಇದು ನೆನಪಿರಲಿ. ತೋಳಿನ ಪಟ್ಟಿ ಲಾನ್ಸ್ ನಾಯಕ್‌ಗೆ ಒಂದು, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಪ್ಯಾರಾಚೂಟ್ ರೆಜಿಮೆಂಟಿನ ಟೋಪಿ ಮರೂನ್, ಟ್ಯಾಂಕ್ ದಳದ್ದು ಕಪ್ಪು. ಉಳಿದವುಗಳ ಬಣ್ಣವನ್ನು ಆ ರೆಜಿಮೆಂಟಿನಲ್ಲಿ ಇದ್ದವರಿಂದಲೇ ಕೇಳಿ ಬರೆದುಕೊಳ್ಳಿ.

ಸೈನಿಕರ ಮನೆಗೆ ಹೋದಾಗ ಡಿಸ್ಚಾರ್ಜ್ ಪುಸ್ತಕ (ಸೇವೆಯಿಂದ ಬಿಡುಗಡೆಯಾದಾಗ ಕೊಡುವ ದಾಖಲೆ) ಮತ್ತು ಪದಕದ ಡಬ್ಬಿ ತೋರಿಸಲು ಕೇಳಿ. ಪದಕದ ಮುಖಕ್ಕಿಂತ ಅಂಚನ್ನು ನೋಡುವುದು ಮುಖ್ಯ. ಭೂತಗನ್ನಡಿ ಹಿಡಿದರೆ ಅಂಚಿನ ಸುತ್ತ ಸೇವಾ ಸಂಖ್ಯೆ, ಹುದ್ದೆ, ಹೆಸರು ಕೊರೆದಿರುವುದು ಕಾಣುತ್ತದೆ. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರ ಪದಕ ಬೆರೆತಿರುತ್ತವೆ. ಅಂಚಿನ ಬರಹದಿಂದ ಯಾರದು ಯಾವುದೆಂದು ತಿಳಿಯುತ್ತದೆ. ಅಂಚಿನ ಮಸಿಯನ್ನು ಉಜ್ಜಿ ತೆಗೆಯಬೇಡಿ, ಅಕ್ಷರ ಸವೆಯುತ್ತದೆ. ಮುಖಕ್ಕೆ ಕಿಟಕಿಯ ಬೆಳಕಿನಲ್ಲಿ ನೇರ, ಮುಕ್ಕಾಲು, ಪಕ್ಕ ಮೂರು ಫೋಟೋ, ಕೈಗಳದ್ದು ಒಂದು. ವಯಸ್ಸಾದವರನ್ನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಚಿತ್ರದಲ್ಲಿ ಮುಖ ಬಳಸಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹೆಸರಿನ ಪಟ್ಟಿ

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಸೇನೆ ಸೇರಿದ ದಾವಣಗೆರೆ, ಹರಿಹರ, ಜಗಳೂರಿನವರ ಕಾಗದಗಳಲ್ಲಿ ಜಿಲ್ಲೆ ಚಿತ್ರದುರ್ಗ ಎಂದೇ ಇರುತ್ತದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಅದು ಚಿತಲ್‌ಡ್ರೂಗ್. ಹುಡುಕುವಾಗ ಈ ರೂಪಗಳನ್ನೂ ಹಾಕಿ. ಎರಡು ಮಹಾಯುದ್ಧಗಳಲ್ಲಿ ಮಡಿದವರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಇದೆ; ಬದುಕಿ ಬಂದವರು ಅದರಲ್ಲಿ ಸಿಗುವುದಿಲ್ಲ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರು, ಹುದ್ದೆ, ಸಂಖ್ಯೆಗಳು 2019ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಕಲ್ಲುಗಳ ಮೇಲಿವೆ. ಮಾಜಿ ಸೈನಿಕರ ವಿವರಕ್ಕೆ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ.

ಸೇನೆಯ ಕಾಗದದಲ್ಲಿ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಅದರಿಂದ ಕನ್ನಡಕ್ಕೆ ನೀವೇ ತಿರುಗಿಸಿದರೆ ಹಾಲಪ್ಪ ಹಳ್ಳಪ್ಪನಾಗುತ್ತಾನೆ, ತಿಪ್ಪೇಸ್ವಾಮಿ ಟಿಪ್ಪೆಸ್ವಾಮಿ ಆಗುತ್ತಾನೆ. ಮನೆಯವರ ಕೈಯಿಂದಲೇ ಕನ್ನಡದಲ್ಲಿ ಬರೆಸಿಕೊಂಡು, ಕೆಳಗೆ ಸಹಿ ಹಾಕಿಸಿ. ಹುದ್ದೆಯ ವಿಷಯದಲ್ಲೂ ಎಚ್ಚರ: ಎಲ್ಲರೂ ಸಿಪಾಯಿಗಳಲ್ಲ. ಫಿರಂಗಿ ದಳದಲ್ಲಿ ಗನ್ನರ್, ಎಂಜಿನಿಯರ್ ದಳದಲ್ಲಿ ಸ್ಯಾಪರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್.

ಚಿತ್ರದ ಕೆಳಗಿನ 14 ಇಂಚನ್ನು ಹೆಸರಿಗೆ ಬಿಟ್ಟರೆ ಮೇಲೆ 58 ಇಂಚು ಚಿತ್ರಕ್ಕೆ ಉಳಿಯುತ್ತದೆ. ಮೂಲಾಕ್ಷರ ಅರ್ಧ ಇಂಚು ಎತ್ತರ, ಸಾಲಿನಿಂದ ಸಾಲಿಗೆ 1¼ ಇಂಚು. ಇದಕ್ಕಿಂತ ಒತ್ತಾಗಿಸಿದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಲಗೆಗೆ ಮೂರು ಕಾಲಂ, ಕಾಲಮ್ಮಿಗೆ ಎಂಟು ಸಾಲು, ಒಟ್ಟು 72 ಹೆಸರು. ಪಟ್ಟಿ ನಲವತ್ತೆಂಟು ದಾಟಿದರೆ ಹೆಸರುಗಳಿಗೆ ಬೇರೆಯದೇ ಫಲಕ ಮಾಡಿ. ಹೆಸರಿನ ಸಾಲುಗಳಲ್ಲಿ ಮೂರನೇ ಒಂದು ಭಾಗವಾದರೂ ಖಾಲಿ ಇರಬೇಕು, ಅನಾವರಣದ ಮರುದಿನವೇ ಬಿಟ್ಟುಹೋದ ಹೆಸರು ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಕ್ರಮ ಹುದ್ದೆಯ ಪ್ರಕಾರ ಬೇಡ. ಯುದ್ಧದ ವರ್ಷ, ಅದರೊಳಗೆ ಅಕಾರಾದಿ.

ಹಲಗೆ

8×4 ಅಡಿಯ, ಐಎಸ್ 710 ಗುರುತಿನ 12 ಮಿ.ಮೀ. ಮರೀನ್ ಪ್ಲೈವುಡ್ ಮೂರು ಶೀಟು. ಪ್ರತಿಯೊಂದರಿಂದ 2 ಅಡಿ ಕೊಯ್ದರೆ 6×4 ಉಳಿಯುತ್ತದೆ. ಹಿಂದೆ 2×1 ಇಂಚಿನ ಒಣಗಿದ ರೀಪರ್‌ನಿಂದ ಚೌಕಟ್ಟು, ನಡುವೆ ಎರಡು ಅಡ್ಡಪಟ್ಟಿ. ಹಸಿ ಮರದ ರೀಪರ್ ಹಾಕಿದರೆ ಬೇಸಿಗೆಯಲ್ಲಿ ತಿರುಚಿ ಹಲಗೆಯನ್ನೂ ಎಳೆಯುತ್ತದೆ. ಒಂದು ಹಲಗೆಯ ತೂಕ 24-25 ಕಿಲೋ ಬರುತ್ತದೆ, ಇಬ್ಬರು ಎತ್ತಬಹುದು.

ಮುಂಭಾಗಕ್ಕೆ ಹತ್ತಿಯ ಕ್ಯಾನ್ವಾಸ್ ಅಂಟಿಸಿದರೆ ಪ್ಲೈವುಡ್ಡಿನ ಸೀಳು ಬಣ್ಣಕ್ಕೆ ಏರುವುದಿಲ್ಲ. ನಾಲ್ಕೂ ಕಡೆ 3 ಇಂಚು ಹೆಚ್ಚಿಗೆ ಕತ್ತರಿಸಿ, ಹಲಗೆಗೆ ಅಕ್ರಿಲಿಕ್ ಮೀಡಿಯಂ ಬಳಿದು, ರಬ್ಬರ್ ರೋಲರನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ ಓಡಿಸಿ. ಅಂಚಿನಿಂದ ಶುರು ಮಾಡಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಗುಳ್ಳೆ ನಿಲ್ಲುತ್ತದೆ. ಅಂಟಿಸುವ ಮುನ್ನವೇ ಹಲಗೆಯ ಹಿಂಭಾಗಕ್ಕೂ ಕೊಯ್ದ ಅಂಚುಗಳಿಗೂ ಎರಡು ಕೋಟು ಪ್ರೈಮರ್ ಆಗಿರಬೇಕು. ಒಂದೇ ಮುಖಕ್ಕೆ ಬಳಿದ ಹಲಗೆ ಮೊದಲ ಮಳೆಗಾಲದಲ್ಲೇ ಬಿಲ್ಲಿನಂತೆ ಬಾಗುತ್ತದೆ.

ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯಲು ಬಳಿಯುವ ಬಿಳಿ ತಳಪದರ) ಮೂರು ಕೋಟು, ಒಂದು ಅಡ್ಡ, ಒಂದು ಉದ್ದ, ಮತ್ತೆ ಅಡ್ಡ. ಮೂರು ಹಲಗೆಗೂ ಸೇರಿ ಸುಮಾರು 3 ಲೀಟರ್ ಬೇಕು. ಹತ್ತಕ್ಕೆ ಒಂದು ಪಾಲು ನೀರು ಬೆರೆಸಿ. ಮಾರ್ಚ್, ಏಪ್ರಿಲ್ ತಿಂಗಳ ದುರ್ಗದ ಒಣ ಸೆಕೆಯಲ್ಲಿ ದಪ್ಪ ಬಳಿದರೆ ಮೇಲ್ಪದರ ಮೊದಲೇ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕೋಟಿನ ನಡುವೆ 220ರ ಸ್ಯಾಂಡ್‌ಪೇಪರ್. ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟಿನವರೆಗೆ ಜೋಗಿಮಟ್ಟಿ ಕಡೆಯ ಗಾಳಿಗೆ ಧೂಳೆಲ್ಲ ಹಸಿ ಬಣ್ಣಕ್ಕೆ ಬಂದು ಕೂರುತ್ತದೆ. ಆಗಲೇ ಮಾಡಬೇಕಾದರೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ.

ಗೆರೆ ಮತ್ತು ಬಣ್ಣ

ಕಾಗದದ ಮೇಲಿನ ಕರಡು 18×9 ಇಂಚು ಇರಲಿ, ಅಂದರೆ ಎಂಟನೇ ಒಂದು ಪಾಲು. ಮೂರು ಹಲಗೆಯನ್ನು ಜೋಡಿಸಿ ನಿಲ್ಲಿಸಿ 6 ಇಂಚಿನ ಚೌಕ ಹಾಕಿ. ಅಡ್ಡ 24, ಉದ್ದ 12. ಕರಡಿನ ಮೇಲೆ ಅದೇ ಚೌಕ ಮುಕ್ಕಾಲು ಇಂಚು. ಗೆರೆಗೆ ಇದ್ದಿಲು ಕಡ್ಡಿ ಬಳಸಿ. ಸ್ಕೆಚ್ ಪೆನ್ನು, ಬಾಲ್‌ಪೆನ್ನು ತಾಗಿಸಬೇಡಿ, ಎಷ್ಟು ಕೋಟು ಬಳಿದರೂ ಶಾಯಿ ಮೇಲೆ ಬರುತ್ತದೆ. ಬಣ್ಣ ಹಾಕುವ ಮೊದಲು ಈ ಗೆರೆಚಿತ್ರವನ್ನು ಇಬ್ಬರು ಮೂವರು ಮಾಜಿ ಸೈನಿಕರಿಗೆ ತೋರಿಸಿ. ಬಂದೂಕು ಹಿಡಿದ ಕೈ, ಬೆಲ್ಟಿನ ಜಾಗ, ನಿಂತ ಭಂಗಿ ತಿದ್ದಲು ಇದೇ ಸಮಯ.

ಟ್ಯೂಬಿನ ಮೇಲಿನ ಪಿಗ್ಮೆಂಟ್ (ಬಣ್ಣದ ಪುಡಿ) ಸಂಕೇತ ನೋಡಿ ಕೊಂಡುಕೊಳ್ಳಿ. ಬಿಳಿಗೆ ಪಿಡಬ್ಲ್ಯೂ 6, ಅಲ್ಟ್ರಾಮರೀನ್ ನೀಲಿಗೆ ಪಿಬಿ 29, ಯೆಲ್ಲೋ ಓಕರ್‌ಗೆ ಪಿವೈ 42, ಅಂಬರ್ ಮತ್ತು ಸಿಯೆನ್ನಾಗೆ ಪಿಬಿಆರ್ 7, ಕೆಂಪು ಆಕ್ಸೈಡಿಗೆ ಪಿಆರ್ 101. ಇವು ಬೆಳಕಿಗೆ ಮಾಸುವುದಿಲ್ಲ. ಪಿಆರ್ 83 ಅಲಿಜರಿನ್ ಕ್ರಿಮ್ಸನ್, ಪೋಸ್ಟರ್ ಬಣ್ಣ, ಮಿಂಚುವ ಬಣ್ಣ ಬೇಡ. ಅಂದಾಜು ಪ್ರಮಾಣ: ಬಿಳಿ ಒಂದೂವರೆ ಲೀಟರ್, ಓಕರ್ ಮುಕ್ಕಾಲು ಲೀಟರ್, ಅಲ್ಟ್ರಾಮರೀನ್ ಮತ್ತು ಅಂಬರ್ ಅರ್ಧರ್ಧ ಲೀಟರ್, ಉಳಿದವು ಕಾಲು ಲೀಟರಿನೊಳಗೆ. ದೊಡ್ಡ ಡಬ್ಬಗಳನ್ನು ಬೆಂಗಳೂರಿನಿಂದ ತರಿಸಬೇಕಾಗಬಹುದು.

ಕೆಲವು ಮಿಶ್ರಣಗಳು, ಪಾಲಿನ ಲೆಕ್ಕದಲ್ಲಿ:

- ಹೈಫಾದ ಖಾಕಿ: ಓಕರ್ 4, ಬಿಳಿ 3, ರಾ ಅಂಬರ್ 1.
- ಆಲಿವ್ ಹಸಿರು: ಓಕರ್ 3, ಅಲ್ಟ್ರಾಮರೀನ್ 1, ರಾ ಅಂಬರ್ 1. ನೆರಳಿಗೆ ಕಪ್ಪು ಬೆರೆಸಿದರೆ ಬಟ್ಟೆ ಸತ್ತಂತೆ ಕಾಣುತ್ತದೆ. ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸೇರಿಸಿ.
- ದುರ್ಗದ ಬಂಡೆ: ಬಿಳಿ 6, ಅಲ್ಟ್ರಾಮರೀನ್ 1, ಬರ್ನ್ಟ್ ಸಿಯೆನ್ನಾ 1. ಬಿಸಿಲು ಬೀಳುವ ಕಡೆ ಸ್ವಲ್ಪ ಓಕರ್.

ಬಂಡೆಯನ್ನು ಒಂದೇ ಬೂದಿಯಲ್ಲಿ ತುಂಬಬೇಡಿ. ಮಳೆನೀರು ಹರಿದ ಕಪ್ಪು ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಇಳಿದಿರುತ್ತವೆ. ಕೋಟೆಗೋಡೆಯ ಕಲ್ಲುಗಳ ಅಂಚಿನಲ್ಲಿ ಬಂಡೆ ಸೀಳಲು ಕೊರೆದ ಸಾಲುಗುಳಿಗಳ ಅರ್ಧಭಾಗ ಉಳಿದಿರುತ್ತದೆ. ಆ ಗುಳಿಗಳನ್ನು ಬರೆದರೆ ದುರ್ಗದವರು ತಕ್ಷಣ ಗುರುತು ಹಿಡಿಯುತ್ತಾರೆ.

ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಒಂದು ಸಮವಸ್ತ್ರಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಕಲಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ಒಣಗಿದ ಬಣ್ಣದ ಗುರುತು ಹಾಕಿ. ಮೂರು ದಿನದ ನಂತರ ಅದೇ ಹಸಿರನ್ನು ಮತ್ತೆ ಕಲಸಿ ಹೊಂದಿಸುವುದು ಆಗದ ಕೆಲಸ. ಮುಖಗಳನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಹಿನ್ನೆಲೆಗೆ ಒಂದು ಕೋಟು ಬಿದ್ದ ಮೇಲೆ ಮುಖ ಮುಗಿಸಿ, ಆಮೇಲೆ ಉಳಿದದ್ದನ್ನು ಅದಕ್ಕೆ ತಕ್ಕಂತೆ ತನ್ನಿ. ಅನಾವರಣದ ದಿನಾಂಕ ಹತ್ತಿರವಾದಾಗ ಅವಸರಕ್ಕೆ ಸಿಗುವುದು ಮುಖಗಳಾಗಬಾರದು. ಹೆಸರುಗಳನ್ನು ಮಾತ್ರ ಕಟ್ಟಕಡೆಗೆ, ಮನೆಯವರ ಸಹಿ ಇರುವ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.

ವಾರ್ನಿಷ್, ತೂಗುಹಾಕುವುದು, ಆಮೇಲೆ

ಬಣ್ಣ ಮುಗಿದು ಎರಡು ವಾರವಾದರೂ ಆದಮೇಲೆ ಸಾಫ್ಟ್ ಜೆಲ್ (ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ) ಎರಡು ಪಾಲಿಗೆ ನೀರು ಒಂದು ಪಾಲು ಬೆರೆಸಿ ತೆಳುವಾಗಿ ಒಂದು ಕೋಟು, ಅದರ ಮೇಲೆ ತೆಗೆಯಬಹುದಾದ ಸ್ಯಾಟಿನ್ ವಾರ್ನಿಷ್ ಎರಡು ಕೋಟು. ಪೀಠೋಪಕರಣಕ್ಕೆ ಬಳಿಯುವ ವಾರ್ನಿಷ್, ಮೆಲಮೈನ್ ಹಾಕಿದರೆ ಹಳದಿಗಟ್ಟುತ್ತದೆ, ಮತ್ತೆ ತೆಗೆಯಲೂ ಬರುವುದಿಲ್ಲ. ಡಿಸೆಂಬರ್ 16ರ ವಿಜಯ ದಿವಸಕ್ಕೋ ಜನವರಿ 14ರ ಮಾಜಿ ಸೈನಿಕರ ದಿನಕ್ಕೋ ಅನಾವರಣ ಗೊತ್ತುಮಾಡಿದ್ದರೆ, ಈ ಒಣಗುವ ಅವಧಿಯನ್ನು ಮೊದಲೇ ಕಳೆದು ದಿನ ಲೆಕ್ಕ ಹಾಕಿ.

ಕೆಳ ಅಂಚು ನೆಲದಿಂದ 3 ಅಡಿಗೆ ಬರಲಿ. ಮಕ್ಕಳೂ ಗಾಲಿಕುರ್ಚಿಯಲ್ಲಿರುವವರೂ ಹೆಸರು ಓದಬಹುದು. ಹಲಗೆಗೆ ನಾಲ್ಕು 8 ಮಿ.ಮೀ. ಆ್ಯಂಕರ್, ಗೋಡೆಗೂ ಹಲಗೆಗೂ ನಡುವೆ ಒಂದು ಇಂಚು ಸಂದು. ಸಂದು ಇಲ್ಲದಿದ್ದರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಗೆದ್ದಲು ಬಂದರೂ ಗೊತ್ತಾಗುವುದಿಲ್ಲ. ಕಿಟಕಿಗೆ ನೇರ ಎದುರಿನ ಗೋಡೆ ಬೇಡ.

ಹೂವಿನ ಹಾರ ಬಂದೇ ಬರುತ್ತದೆ, ಜತೆಗೆ ಕುಂಕುಮ, ಊದುಬತ್ತಿ, ದೀಪ. ಬೇಡವೆಂದು ಹೇಳುವುದು ಸರಿಯಲ್ಲ. ಜನರ ಗೌರವ ತೋರುವ ರೀತಿ ಅದು. ಹೆಸರಿನ ಸಾಲಿನ ಕೆಳಗೆ, ಗೋಡೆಯಿಂದ ಎರಡು ಅಡಿ ಮುಂದೆ ಒಂದು ಕಲ್ಲಿನ ಪೀಠ ಹಾಕಿಸಿ, ಹಾರಕ್ಕೆ ಅದರ ಮೇಲೆಯೇ ಕೊಕ್ಕೆ ಇರಲಿ. ಹಲಗೆಗೆ ಮೊಳೆ ಹೊಡೆಯುವುದೂ ಮುಖಕ್ಕೆ ಕುಂಕುಮ ಹಚ್ಚುವುದೂ ಅಲ್ಲಿಗೆ ನಿಲ್ಲುತ್ತದೆ. ಧೂಳು ಒರೆಸಲು ಒಣ ಮೆತ್ತನೆ ಬಟ್ಟೆ ಮಾತ್ರ. ಫಿನೈಲ್ ನೀರಿನ ಬಟ್ಟೆ ತಾಗಿಸಬಾರದೆಂದು ಕಟ್ಟಡ ನೋಡಿಕೊಳ್ಳುವವರಿಗೆ ತೋರಿಸಿ ಹೇಳಿ.

ಪ್ರತಿ ಹಲಗೆಯ ಹಿಂದೆ ಒಂದು ಹಾಳೆ ಅಂಟಿಸಿ: ಬಳಸಿದ ಪಿಗ್ಮೆಂಟುಗಳ ಸಂಕೇತ, ಮಿಶ್ರಣದ ಪಾಲು, ವಾರ್ನಿಷ್ ಯಾವುದು, ಅದನ್ನು ತೆಗೆಯುವ ದ್ರಾವಣ ಯಾವುದು, ಹೆಸರಿಗೆ ಬಳಸಿದ ಕುಂಚದ ಅಳತೆ. ಹೊಸ ಹೆಸರು ಸೇರಿಸುವಾಗ ಆ ಸಾಲಿನಷ್ಟು ಜಾಗದ ವಾರ್ನಿಷ್ ಮಾತ್ರ ತೆಗೆದು, ಬರೆದು, ಒಣಗಿಸಿ, ಮತ್ತೆ ಬಳಿಯಬೇಕು. ವಾರ್ನಿಷ್ ಮೇಲೆಯೇ ಬರೆದ ಹೆಸರು ಮುಂದೊಂದು ದಿನ ವಾರ್ನಿಷ್ ತೆಗೆಯುವಾಗ ಅದರ ಜತೆಗೇ ಅಳಿಸಿಹೋಗುತ್ತದೆ.